ಗಣ್ಯರ ಪಟ್ಟಿಯಲ್ಲಿ ಬ್ರೈಡಿ

ಲೆಪರ್ಡ್ಸ್‌ಟೌನ್ ಎಂಬ ಡಬ್ಲಿನ್ ಬಡಾವಣೆಯ ನಮ್ಮ ಆಫೀಸಿಗೆ ಈಗ ವಾರಕ್ಕೆ ಎರಡು ದಿನ ಹೋಗಿ ಮುಖ ತೋರಿಸಿ ಬರಬೇಕು. ಹೋದ ವಾರ ಮಂಗಳವಾರ ಲಿಫ್ಟಿನಿಂದ ಹೊರಗೆ ಕಾಲಿಟ್ಟರೆ ಕಾರಿಡಾರಿನ ತುಂಬ ಫಿನಾಯಿಲ್ ವಾಸನೆ. ಸಾಮಾನ್ಯವಾಗಿ ಇಲ್ಲಿ ನೆಲ ಒರೆಸುವ ನೀರಿಗೆ ನಿಂಬೆಹಣ್ಣಿನದೋ ಯಾವುದೋ ಹೂವಿನದೋ ಪರಿಮಳ ಇರುತ್ತದೆ. ಅವತ್ತು ಯಾಕೋ ನಮ್ಮ ಕಡೆಯ ಹಾಗೆ ಅಸಲಿ ಫಿನಾಯಿಲ್. ಈ ವಾಸನೆಗೆ ನಿಮಗೆ ಆಸ್ಪತ್ರೆ ನೆನಪಾಗಬಹುದು, ಇಲ್ಲವೇ ಬಸ್ ಸ್ಟ್ಯಾಂಡು. ನನಗೆ ನೆನಪಾಗುವುದು ಒಂದು ಒದ್ದೆ ಗೋಣಿಚೀಲ, ಅದರ ಹಿಂದೆ ಕಬ್ಬಿಣದ ಗೇಟು, ಗೇಟಿನ ಹಿಂದೆ ಮ್ಯಾಟಿ.

ಮ್ಯಾಟಿ ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್. ಆಗ ಅವರಿಗೆ ಎಂಬತ್ತು ತುಂಬುವುದರಲ್ಲಿತ್ತು. ಮಹಾಮಾರಿ ಬಂದ ವರ್ಷದ ಚಳಿಗಾಲದಲ್ಲಿ ನಾವು ಅವರ ಬಾಡಿಗೆದಾರರು. ನನ್ನ ಹೆಂಡತಿ ಸುಮಾ ಅನಸ್ತೇಷಿಯಾ ಡಾಕ್ಟರು. ಅವಳಿಗೆ ಐರ್ಲೆಂಡಿನ ಒಂದು ಹಳ್ಳಿಗಾಡಿನ ಕೌಂಟಿಯ (ನಮ್ಮ ಜಿಲ್ಲೆ ಇದ್ದ ಹಾಗೆ) ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ನಮ್ಮ ಆಫೀಸಿನವರು ಮನೆಯಿಂದಲೇ ಕೆಲಸ ಮಾಡಿ ಎಂದಿದ್ದರು, ಯಾವ ಮನೆ ಎಂದು ಹೇಳಿರಲಿಲ್ಲ. ಹಾಗಾಗಿ ಗಂಟುಮೂಟೆ ಕಟ್ಟಿಕೊಂಡು ಅವಳ ಹಿಂದೆ ಹೋದೆ. ಆ ಕೌಂಟಿಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಪಕ್ಕದ ಕೌಂಟಿಯವರು ಜಗಳಕ್ಕೆ ಬರುತ್ತಾರೆ, ಯಾಕೆಂದು ಮುಂದೆ ಗೊತ್ತಾಗುತ್ತದೆ.

ಗೋಣಿಚೀಲದ ಕತೆ ಇಷ್ಟು. ಹಿಂದೊಮ್ಮೆ ದನಗಳಿಗೆ ಕಾಲುಬಾಯಿ ರೋಗದ ಭಯ ಹಬ್ಬಿದ್ದಾಗ ಅಲ್ಲಿನವರೆಲ್ಲ ಗೇಟಿನ ಮುಂದೆ ಫಿನಾಯಿಲಿನಂಥ ಔಷಧಿ ನೀರಿನಲ್ಲಿ ನೆನೆಸಿದ ಗೋಣಿ ಹಾಸುತ್ತಿದ್ದರಂತೆ. ಬಂದವರು ಅದರ ಮೇಲೆ ಬೂಟು ಒರೆಸಿಯೇ ಒಳಗೆ ಬರಬೇಕು. ಈ ಸಲ ರೋಗ ಮನುಷ್ಯರಿಗೆ ಬಂತು, ಆದರೂ ಮ್ಯಾಟಿ ಅದೇ ಉಪಾಯ ಮಾಡಿದರು. “ಇದು ಉಸಿರಿಂದ ಹರಡುತ್ತೆ ಮ್ಯಾಟಿ, ಬೂಟಿಂದ ಅಲ್ಲ” ಎಂದು ತಿಳಿಹೇಳಿದೆ. “ದನಗಳಿಗೆ ನಾಟಿತ್ತು” ಎಂದರು. ಮ್ಯಾಟಿ ಮಾತಾಡುತ್ತಿದ್ದುದು ಅವರ ಕೌಂಟಿಯ ಇಂಗ್ಲಿಷಿನಲ್ಲಿ. ಆ ರಾಗವನ್ನು ಕನ್ನಡಕ್ಕೆ ತರಲು ನನಗೆ ಬರುವುದಿಲ್ಲ, ಮಾತಿನ ಅರ್ಥವನ್ನಷ್ಟೇ ತರುತ್ತಿದ್ದೇನೆ.

ಆ ದಿನಗಳು ನಿಮಗೂ ನೆನಪಿರಬೇಕು. ಐದು ಕಿಲೋಮೀಟರಿನ ಆಚೆ ಹೋಗುವಂತಿಲ್ಲ, ಒಬ್ಬರ ಮನೆಯೊಳಗೆ ಇನ್ನೊಬ್ಬರು ಕಾಲಿಡುವಂತಿಲ್ಲ. ಇಡೀ ದೇಶವೇ ಮಡಿ ಉಟ್ಟು ಕೂತಿತ್ತು. ನಾನು ಮತ್ತು ಮ್ಯಾಟಿ ಎರಡು ಮನೆಗಳ ನಡುವಿನ ಮೋಟುಗೋಡೆಯ ಆಚೆ ಈಚೆ ನಿಂತು ಮಾತಾಡುತ್ತಿದ್ದೆವು. ಒಂದು ದಿನ ಅವರು ಆ ಗೋಡೆಯ ಮೇಲೆ ಹಳೆಯ ಶೂ ಡಬ್ಬವೊಂದನ್ನು ಇಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದರು.

“ನೀನು ಕಂಪ್ಯೂಟರ್ ಮನುಷ್ಯ ತಾನೇ?” ಎಂದರು. “ಇದನ್ನು ಕಂಪ್ಯೂಟರಿಗೆ ಹಾಕಿಕೊಡು.”

ಡಬ್ಬದ ತುಂಬ ಪೋಸ್ಟ್‌ಕಾರ್ಡ್ ಅಳತೆಯ ರಟ್ಟುಗಳು. ಒಂದೊಂದರ ಮೇಲೂ ಒಬ್ಬೊಬ್ಬ ಮನುಷ್ಯ. ಮ್ಯಾಟಿ ಅಲ್ಲಿನ ಇತಿಹಾಸ ಸಂಘದ ಕಾರ್ಯದರ್ಶಿ. ಆ ಸಂಘ ಇಪ್ಪತ್ತೈದು ವರ್ಷಗಳಿಂದ ‘ಕೌಂಟಿಯ ಗಣ್ಯರು’ ಎಂಬ ಪಟ್ಟಿಯನ್ನು ಮಾಡುತ್ತಲೇ ಇತ್ತು. ಲೈಬ್ರರಿ ಮುಚ್ಚಿದ್ದರಿಂದ ಪಟ್ಟಿಯನ್ನು ಸಂಘದ ವೆಬ್ ಪುಟಕ್ಕೆ ಏರಿಸಬೇಕೆಂದು ತೀರ್ಮಾನವಾಗಿತ್ತು. ನಾನು ಡಬ್ಬವನ್ನು ಮೂರು ದಿನ ಕಾರ್ ಶೆಡ್ಡಿನಲ್ಲಿ ಕ್ವಾರಂಟೈನ್ ಮಾಡಿ ಆಮೇಲೆ ಮುಟ್ಟಿದೆ. ಮ್ಯಾಟಿಯ ಗೋಣಿಯನ್ನು ನೋಡಿ ನಕ್ಕವನು ನಾನೇ.

ಒಂದು ಕೌಂಟಿಗೆ ಎಷ್ಟು ಜನ ಗಣ್ಯರು ಬೇಕು? ಆ ಡಬ್ಬದಲ್ಲಿ ಇನ್ನೂರಕ್ಕೂ ಹೆಚ್ಚು ಜನರಿದ್ದರು. ಒಬ್ಬ ಬಿಷಪ್ಪು. ಗ್ಲೌಸಿಲ್ಲದೆ ಬರಿಗೈಯಲ್ಲಿ ಬಾಕ್ಸಿಂಗ್ ಆಡುತ್ತಿದ್ದವನೊಬ್ಬ. ಆಸ್ಟ್ರೇಲಿಯಾಕ್ಕೆ ಹೋಗಿ ಹೋಟೆಲು ಇಟ್ಟು ಮೂವರು ಗಂಡಂದಿರನ್ನು ಕಳೆದುಕೊಂಡ ಹೆಂಗಸು. ಬೆಣ್ಣೆ ಕಡೆಯುವ ಯಂತ್ರಕ್ಕೆ ಹೊಸ ಮುಚ್ಚಳ ಕಂಡುಹಿಡಿದವನು. ಒಬ್ಬ ಸೇನಾಪತಿ, ಅವನು ಹುಟ್ಟಿದ್ದು ಬೇರೆಲ್ಲೋ, ಅಜ್ಜಿ ಮಾತ್ರ ಈ ಕೌಂಟಿಯವಳು. ಸಂಘಕ್ಕೊಂದು ನಿಯಮವಿತ್ತು: ಇಲ್ಲಿ ಹುಟ್ಟಿರಬೇಕು, ಇಲ್ಲವೇ ಹಿರಿಯರಲ್ಲಿ ಯಾರಾದರೂ ಇಲ್ಲಿ ಹುಟ್ಟಿರಬೇಕು. ಕುದುರೆ ಪಂದ್ಯದ ಪ್ರಸಿದ್ಧ ಸವಾರನೊಬ್ಬ ಈ ಕೌಂಟಿಯಲ್ಲಿ ಕುದುರೆಯಿಂದ ಬಿದ್ದಿದ್ದನಂತೆ. ಬಿದ್ದದ್ದು ಸಾಲದೆಂದು ಅವನನ್ನು ಕೈಬಿಟ್ಟಿದ್ದರು. ಬಿಷಪ್ಪರು ಹುಟ್ಟಿದ ಮನೆ ಗಡಿಯ ಮೇಲೇ ಇತ್ತು. ಅಡುಗೆಮನೆ ಇತ್ತ, ಮಲಗುವ ಕೋಣೆ ಅತ್ತ. ಹೆರಿಗೆಯಾದದ್ದು ಒಲೆಯ ಬಿಸಿ ಇದ್ದ ಅಡುಗೆಮನೆಯಲ್ಲಿ ಎಂದು ಮ್ಯಾಟಿಯ ವಾದ. ಪಕ್ಕದ ಕೌಂಟಿಯವರು ಇದನ್ನು ಇವತ್ತಿಗೂ ಒಪ್ಪಿಲ್ಲ.

ಇನ್ನು ನಾನು ಮಾಡಿದ ಘನಕಾರ್ಯಕ್ಕೆ ಬರುತ್ತೇನೆ.

ನಾನು ಮೈಸೂರಿನವನು. ನಮ್ಮಲ್ಲಿ ಹೆಸರು ಅಂದರೆ ಹೆಸರು, ಅದರ ಹಿಂದುಮುಂದಿನದೆಲ್ಲ ಇನಿಷಿಯಲ್ಲು. ಶಾಲೆಯ ಹಾಜರಿ ಪುಸ್ತಕದಲ್ಲಿ ಅನಂತ ಮೊದಲು, ವೆಂಕಟೇಶ ಕೊನೆಗೆ. ಅವರ ಮನೆತನ ಯಾವುದೆಂದು ಹಾಜರಿ ಕೂಗುವಾಗ ಯಾರೂ ಕೇಳುತ್ತಿರಲಿಲ್ಲ. ಈ ದೇಶಕ್ಕೆ ಬಂದ ಮೇಲೆ ಸರ್‌ನೇಮ್ ಎಂಬ ಖಾಲಿ ಜಾಗ ತುಂಬಲೇಬೇಕಾಗಿ ಬಂದು ನಾನು ಅಪ್ಪನ ಹೆಸರು ಬರೆದೆ, ಸುಮಾ ತನ್ನ ಊರಿನ ಹೆಸರು ಬರೆದಳು. ಅದರಿಂದಾಗಿ ಮೈಸೂರು ದಾಟದ ನಮ್ಮಪ್ಪನ ಹೆಸರಿಗೆ ಐರ್ಲೆಂಡಿನಲ್ಲಿ ಕರೆಂಟ್ ಬಿಲ್ ಬರುತ್ತದೆ. ಸುಮಾಳನ್ನು ಆಸ್ಪತ್ರೆಯಲ್ಲಿ ಡಾಕ್ಟರ್ ಅರಕಲಗೂಡು ಎನ್ನಲು ಹೋಗಿ ಸುಸ್ತಾದ ನರ್ಸುಗಳು ಡಾಕ್ಟರ್ ಅರ್ಕ ಎಂದು ಮೊಟಕು ಮಾಡಿಕೊಂಡರು. ಇಷ್ಟೆಲ್ಲ ಅನುಭವಿಸಿದವನಿಗೆ ಬುದ್ಧಿ ಬಂದಿರಬೇಕಿತ್ತು. ಎರಡು ವಾರ ಕೂತು ಇನ್ನೂರು ರಟ್ಟುಗಳನ್ನು ಟೈಪ್ ಮಾಡಿದೆ, ಒಂದು ಗುಂಡಿ ಒತ್ತಿ ಅಕಾರಾದಿಯಾಗಿ ಜೋಡಿಸಿದೆ, ಪುಟಕ್ಕೆ ಏರಿಸಿದೆ. ಜೋಡಿಸಿದ್ದು ಹೆಸರಿನ ಮೇಲೆ, ಮನೆತನದ ಮೇಲಲ್ಲ.

ಸುಮಾ ಡ್ಯೂಟಿ ಮುಗಿಸಿ ಬಂದು, ಮುಖದ ಮೇಲೆ ಮಾಸ್ಕಿನ ಗೆರೆ ಇನ್ನೂ ಕೆಂಪಗಿರುವಾಗಲೇ ನನ್ನ ಹೆಗಲ ಮೇಲಿಂದ ಇಣುಕಿದಳು.

“ಏನೋ ಇದು, ಜಾನ್‌ಗಳೆಲ್ಲ ಒಂದೇ ಕಡೆ ಇದಾರೆ?”

“ಅಕಾರಾದಿ ಅಲ್ವಾ. ಜೆ ಅಡಿಯಲ್ಲಿ ಬಂದಿದಾರೆ.”

“ಅಯ್ಯೋ, ಇಲ್ಲಿ ಎಲ್ಲಾ ಸರ್‌ನೇಮ್ ಮೇಲೆ ಕಣೋ. ನಮ್ಮ ಪೇಷಂಟ್ ಫೈಲೂ ಹಂಗೇನೇ. ನೀನು ಹದಿನೈದು ವರ್ಷದಿಂದ ಡೇಟಾಬೇಸಲ್ಲೇ ಕೆಲಸ ಮಾಡ್ತಿದೀಯ ಅಂತ ಯಾರ ಮುಂದೆನೂ ಹೇಳ್ಬೇಡ.”

ಹೇಳುವ ಅಗತ್ಯ ಬೀಳಲಿಲ್ಲ. ಮರುದಿನ ಬೆಳಿಗ್ಗೆ ಸಂಘದ ಅಧ್ಯಕ್ಷರ ಫೋನ್ ಬಂತು. ಅವರು ಅಲ್ಲಿನ ಶಾಲೆಯಲ್ಲಿ ನಲವತ್ತು ವರ್ಷ ಹೆಡ್‌ಮಾಸ್ಟರ್ ಆಗಿದ್ದವರು. ಊರಿನವರೆಲ್ಲ ಅವರನ್ನು ಹೆಸರು ಹಿಡಿದು ಕರೆಯದೆ ‘ಮಾಸ್ಟರ್’ ಎನ್ನುತ್ತಿದ್ದರು. ನಾನಿಲ್ಲಿ ಮೇಷ್ಟ್ರು ಎಂದೇ ಕರೆಯುತ್ತೇನೆ. ಮೇಷ್ಟ್ರ ಮನೆತನದ ಏಳು ಜನ ಆ ಪಟ್ಟಿಯಲ್ಲಿದ್ದರು. ರಟ್ಟಿನ ಡಬ್ಬದಲ್ಲಿ ಆ ಏಳೂ ಜನ ಒಂದೇ ಕಡೆ ಒತ್ತಾಗಿ ನಿಂತಿದ್ದವರು, ನನ್ನ ಕೈಗೆ ಸಿಕ್ಕು ಚೆಲ್ಲಾಪಿಲ್ಲಿಯಾಗಿದ್ದರು. ಶಾಲೆಗೆ ಜಮೀನು ಕೊಟ್ಟ ಅವರ ದೊಡ್ಡಜ್ಜಿ ಬ್ರಿಜೆಟ್ ಅವರ ಕೆಳಗಿನ ಸಾಲಿನಲ್ಲೇ ಯಾರೋ ಬ್ರೈಡಿ ಕೂತಿದ್ದಳು.

“ಯಾವ ಬ್ರೈಡಿ?” ಎಂದು ಕೇಳಿದರು ಮೇಷ್ಟ್ರು.

ನನಗೂ ಗೊತ್ತಿರಲಿಲ್ಲ. ಆ ರಟ್ಟು ಡಬ್ಬದ ಕಟ್ಟಕಡೆಯಲ್ಲಿ ಸಿಕ್ಕಿತ್ತು. ಅದರಲ್ಲಿ ಇದ್ದದ್ದೇ ಮೂರು ಸಾಲು: ಬ್ರೈಡಿ. ಸೂಲಗಿತ್ತಿ. ಎಲ್ಲಿ ಹುಟ್ಟಿದಳೋ ತಿಳಿಯದು, ಸತ್ತದ್ದು ಈ ಕೌಂಟಿಯಲ್ಲಿ. ಕೈಬರಹ ಮಾತ್ರ ಬೇರೆಲ್ಲ ರಟ್ಟುಗಳಿಗಿಂತ ಅಚ್ಚುಕಟ್ಟಾಗಿತ್ತು.

ತಪ್ಪನ್ನು ಸರಿಮಾಡಲು ಐದು ನಿಮಿಷ ಸಾಕು. ಆದರೆ ಸರ್‌ನೇಮ್ ಪ್ರಕಾರ ಜೋಡಿಸಲು ಹೋದರೆ ಬ್ರೈಡಿಯ ಹತ್ತಿರ ಬಂದು ಯಂತ್ರ ಮುಷ್ಕರ ಹೂಡುತ್ತಿತ್ತು. ಆ ಜಾಗ ಖಾಲಿ ಬಿಡುವಂತಿಲ್ಲ, ಖಾಲಿ ಬಿಟ್ಟರೆ ಇಡೀ ಸಾಲೇ ಪಟ್ಟಿಯಿಂದ ಮಾಯ. ನಾನು ಗೋಡೆಯ ಹತ್ತಿರ ಹೋಗಿ ಮ್ಯಾಟಿಯನ್ನು ಕೂಗಿ ವಿಷಯ ಹೇಳಿದೆ. “ಸದ್ಯಕ್ಕೆ ಒಂದು ಎಕ್ಸ್ ಹಾಕಲೇ?” ಎಂದೆ.

“ಓದುಬರಹ ಬಾರದೆ ಎಕ್ಸ್ ಹಾಕಿಯೇ ಸಹಿ ಮಾಡುತ್ತಿದ್ದಳು ಅವಳು. ಜೀವನಪೂರ್ತಿ ಹಾಕಿದ್ದಾಳೆ, ಸಾಕು” ಎಂದರು ಮ್ಯಾಟಿ. ಆಮೇಲೆ ಬ್ರೈಡಿಯ ವಿಚಾರ ಹೇಳಿದರು.

ಮ್ಯಾಟಿಯ ಅಜ್ಜ ಅವಳನ್ನು ಒಂದು ಅನಾಥಾಲಯದಿಂದ ಮನೆಗೆಲಸಕ್ಕೆಂದು ಕರೆತಂದಾಗ ಅವಳಿಗೆ ಹತ್ತು ವರ್ಷ. ಅಲ್ಲಿನವರು ಕೊಟ್ಟ ಚೀಟಿಯಲ್ಲಿ ಬ್ರೈಡಿ ಎಂದಷ್ಟೇ ಇತ್ತು. ಹೆರಿಗೆ ಮಾಡಿಸುವುದನ್ನು ಅವಳು ಹಸುಗಳ ಹತ್ತಿರ ಕಲಿತಳೋ ಮುದುಕಿಯರ ಹತ್ತಿರ ಕಲಿತಳೋ ಗೊತ್ತಿಲ್ಲ. ಸುತ್ತಲಿನ ಹಳ್ಳಿಗಳಿಗೆ ನಲವತ್ತು ವರ್ಷ ಅವಳೇ ಸೂಲಗಿತ್ತಿ. ಮ್ಯಾಟಿಗೆ ಆರು ತಿಂಗಳಿದ್ದಾಗ ತಾಯಿ ಕ್ಷಯದಿಂದ ಹೋದರು. ಅಲ್ಲಿಂದ ಮ್ಯಾಟಿಯನ್ನು ಸಾಕಿದ್ದು ಬ್ರೈಡಿ. ಅವಳನ್ನು ಪಟ್ಟಿಗೆ ಸೇರಿಸಿ ಎಂದು ಮ್ಯಾಟಿ ಸಂಘದ ಸಭೆಯಲ್ಲಿ ಮೂರು ಸಲ ಕೇಳಿದ್ದರು. ಮೂರು ಸಲವೂ ಒಂದೇ ಉತ್ತರ: ಹುಟ್ಟಿದ ದಾಖಲೆ ಇಲ್ಲ, ಹಿರಿಯರು ಯಾರೆಂದು ತಿಳಿಯದು, ಮನೆತನದ ಹೆಸರೂ ಇಲ್ಲ, ಎಲ್ಲಿ ಸೇರಿಸುವುದು? ಆ ರಟ್ಟನ್ನು ಮ್ಯಾಟಿ ಬರೆದು ಡಬ್ಬದ ಕೊನೆಯಲ್ಲಿ ಇಟ್ಟುಕೊಂಡಿದ್ದರು. ನಾನು ಓದುಬರಹ ಬಲ್ಲವನು, ಅದನ್ನೂ ಟೈಪ್ ಮಾಡಿದ್ದೆ.

“ಬೇಕೆಂದೇ ಅದನ್ನು ನನ್ನ ಕೈಗೆ ಕೊಟ್ಟಿರಾ?” ಎಂದು ಕೇಳಿದೆ.

“ಇಲ್ಲ. ತೆಗೆಯಲು ಮನಸ್ಸಾಗಲಿಲ್ಲ, ಅಷ್ಟೇ” ಎಂದರು. “ಈ ಸಲ ಹೋದರೆ ಹೋಯಿತು. ನನ್ನ ನಂತರ ಅವಳ ಹೆಸರು ಹೇಳುವವರಿಲ್ಲ.”

ಸಭೆ ಮುಂದಿನ ಭಾನುವಾರ ಮಧ್ಯಾಹ್ನ, ವಿಡಿಯೊದಲ್ಲಿ ಸೇರಿತು. ಸದಸ್ಯರು ಐವರು: ಮೇಷ್ಟ್ರು, ಮ್ಯಾಟಿ, ಔಷಧಿ ಅಂಗಡಿಯ ಮಾಲೀಕ, ಮತ್ತೆ ಇಬ್ಬರು ಅಕ್ಕತಂಗಿಯರು. ಸಭೆ ನಡೆಸಿಕೊಡುವ ಭಾರ ನನ್ನದು. ಮ್ಯಾಟಿಗೆ ಕಂಪ್ಯೂಟರ್ ಇರಲಿಲ್ಲ, ಅವರನ್ನು ಒಳಗೆ ಕರೆಯುವಂತೆಯೂ ಇರಲಿಲ್ಲ. ನಮ್ಮ ಅಡುಗೆಮನೆಯ ಕಿಟಕಿಯ ಹೊರಗೆ ಕಸದ ತೊಟ್ಟಿಯ ಮೇಲೆ ನನ್ನ ಹಳೆಯ ಲ್ಯಾಪ್‌ಟಾಪ್ ಇಟ್ಟೆ. ಅವರು ಓವರ್‌ಕೋಟು, ಟೋಪಿ ಹಾಕಿಕೊಂಡು ಅದರ ಮುಂದೆ ಕುರ್ಚಿಯಲ್ಲಿ ಕೂತರು. ನಾನು ಗಾಜಿನ ಈಚೆ, ಇನ್ನೊಂದು ಯಂತ್ರದ ಮುಂದೆ. ಅಕ್ಕತಂಗಿಯರು ಒಂದೇ ಫೋನು ಹಿಡಿದಿದ್ದರಿಂದ ಇಬ್ಬರ ಹಣೆ ಮತ್ತು ಒಂದು ದೀಪ ಕಾಣುತ್ತಿತ್ತು.

ಮೇಷ್ಟ್ರು ಕೆಟ್ಟವರಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಅವತ್ತು ನನಗೆ ಅವರ ಮೇಲೆ ಚೆನ್ನಾಗಿ ಸಿಟ್ಟು ಬಂದಿತ್ತು. ಮನೆತನದ ಪ್ರಕಾರ ಜೋಡಿಸದಿದ್ದರೆ ಮುಂದಿನವರಿಗೆ ಏನೂ ಸಿಗುವುದಿಲ್ಲ ಎಂದು ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಬ್ರೈಡಿಯ ಮಾತು ಬಂದಾಗಲೂ ದಾರಿ ತೋರಿಸಲು ನೋಡಿದರು.

“ಮ್ಯಾಟಿ, ಅವಳಿಗೆ ನಿಮ್ಮ ಮನೆಯ ಹೆಸರನ್ನೇ ಕೊಟ್ಟುಬಿಡು. ನಿಮ್ಮ ಮನೆಯಲ್ಲೇ ಇದ್ದವಳಲ್ಲವೇ? ನಾನು ಬೇಡ ಅನ್ನುವುದಿಲ್ಲ. ಎಲ್ಲ ಸರಿಹೋಗುತ್ತದೆ.”

ನನಗೂ ಅದು ಒಳ್ಳೆಯದೆನಿಸಿತು. ಟೈಪ್ ಮಾಡಲು ಕೈ ಮುಂದೆ ಕೂಡ ಮಾಡಿದ್ದೆ. ಮ್ಯಾಟಿ ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡದ್ದು ಗಾಜಿನಾಚೆ ಕಾಣಿಸಿತು.

“ಕೊಡುವುದಕ್ಕೆ ಆಗುವುದಿಲ್ಲ ಮಾಸ್ಟರ್. ಅವಳು ಬದುಕಿದ್ದಾಗ ನಾವು ಕೊಡಲಿಲ್ಲ. ಐವತ್ತು ವರ್ಷ ನಮ್ಮ ಮನೆಯಲ್ಲಿದ್ದಳು. ನಾವೆಲ್ಲ ಉಂಡ ಮೇಲೆ ಹಿಂಬಾಗಿಲ ಹತ್ತಿರ ಕೂತು ಉಣ್ಣುತ್ತಿದ್ದಳು. ನಾನು ದೊಡ್ಡವನಾಗಿ ಸಂಬಳ ತರುವಾಗಲೂ ಬಾ, ಮೇಜಿಗೆ ಬಾ ಅನ್ನಲಿಲ್ಲ. ಅವಳು ಹೋದಾಗ ನಮ್ಮ ಮನೆಯವರ ಗೋರಿಯಲ್ಲಿ ಹೂಳಲೂ ಇಲ್ಲ. ಸ್ಮಶಾನದ ಗೋಡೆಯ ಕಡೆ ಹೂಳಿದೆವು, ಕಲ್ಲು ಕೂಡ ನೆಡಲಿಲ್ಲ. ಈಗ ಪಟ್ಟಿ ಚೆನ್ನಾಗಿ ಕಾಣಲಿ ಅಂತ ಅವಳನ್ನು ನಮ್ಮವಳು ಅಂದುಕೊಳ್ಳುವುದು ನನ್ನಿಂದಾಗದು. ಬ್ರೈಡಿ ಅನ್ನುವುದೊಂದೇ ಅವಳದು. ಈ ಹುಡುಗ ತಿಳಿಯದೆ ಒಂದು ಪಟ್ಟಿ ಮಾಡಿದ್ದಾನೆ. ಅದರಲ್ಲಿ ಅವಳಿಗೆ ಜಾಗ ಇದೆ. ಹಾಗೇ ಬಿಟ್ಟುಬಿಡಿ.”

ನಲವತ್ತೆರಡು ವರ್ಷದವನನ್ನು ಹುಡುಗ ಎಂದದ್ದಕ್ಕೆ ನಾನು ಹಿಗ್ಗಬೇಕಾಗಿತ್ತು, ಆದರೆ ಟೈಪ್ ಮಾಡಲು ಮುಂದೆ ಮಾಡಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಕೊನೆಗೆ ಮೇಷ್ಟ್ರು ಮತಕ್ಕೆ ಹಾಕೋಣ ಎಂದರು. “ಪಟ್ಟಿ ಈಗಿರುವ ಹಾಗೇ ಇರಲಿ ಅನ್ನುವವರು ಕೈ ಎತ್ತಿ” ಎಂದು, ಕೈ ಎತ್ತುವುದು ಹೇಗೆಂದು ಮಕ್ಕಳಿಗೆ ತೋರಿಸುವ ಮೇಷ್ಟ್ರುಗಳ ರೂಢಿಯಂತೆ ಹೇಳುತ್ತಲೇ ತಾವೂ ಕೈ ಎತ್ತಿದರು. ಅಷ್ಟರಲ್ಲಿ ಅವರ ಮನೆಯ ಇಂಟರ್ನೆಟ್ ನಿಂತಿತು. ಪರದೆಯ ಮೇಲೆ ಮೇಷ್ಟ್ರು ಕೈ ಎತ್ತಿದ ಭಂಗಿಯಲ್ಲೇ ಚಿತ್ರವಾಗಿ ನಿಂತರು.

ಮ್ಯಾಟಿಯ ಕೈ ಮೇಲಿತ್ತು. ದೀಪದ ಪಕ್ಕದಲ್ಲಿ ಒಂದು ಕೈ ಬಂತು, ಇನ್ನೊಂದು ಬರಲಿಲ್ಲ. ಔಷಧಿ ಅಂಗಡಿಯವರು ಕೈಕಟ್ಟಿ ಕೂತಿದ್ದರು. ಎಣಿಸಬೇಕಾದವನು ನಾನು. ಗಾಜಿನ ಆಚೆಯಿಂದ ಮ್ಯಾಟಿ ನನ್ನನ್ನೇ ನೋಡುತ್ತಿದ್ದರು, ಏನೂ ಕೇಳದೆ.

“ಮೂರು” ಎಂದೆ.

ಎರಡು ನಿಮಿಷದ ಮೇಲೆ ಮೇಷ್ಟ್ರಿಗೆ ಜೀವ ಬಂತು. “ಎಷ್ಟಾಯಿತು?” ಎಂದರು. “ಮೂರು, ಮಾಸ್ಟರ್. ಐದರಲ್ಲಿ ಮೂರು” ಎಂದೆ. ಅವರು ಒಬ್ಬೊಬ್ಬರ ಮುಖವನ್ನೂ ನೋಡಿದರು. ನಲವತ್ತು ವರ್ಷ ಲೆಕ್ಕ ಹೇಳಿಕೊಟ್ಟವರಿಗೆ ಆ ಮೂರನೆಯ ಕೈ ಯಾರದೆಂದು ತಿಳಿಯಲಿಲ್ಲ ಎಂದು ನಾನು ನಂಬುವುದಿಲ್ಲ. “ಸರಿ ಹಾಗಾದರೆ, ಗ್ರ್ಯಾಂಡ್” ಎಂದರು. ಅಲ್ಲಿನವರ ಬಾಯಲ್ಲಿ ಗ್ರ್ಯಾಂಡ್ ಅಂದರೆ ಆಗಲಿ ಬಿಡಿ ಎಂದಷ್ಟೇ. ಒಂದು ವಾರ ಬಿಟ್ಟು ಅವರಿಂದ ಒಂದು ತಿದ್ದುಪಡಿ ಬಂತು: ಬ್ರೈಡಿಯ ಬಗ್ಗೆ ಸೂಲಗಿತ್ತಿ ಎಂದಷ್ಟೇ ಬರೆದರೆ ಸಾಲದು, ಮಕ್ಕಳ ಮುರಿದ ಕೈಯನ್ನೂ ಕಟ್ಟುತ್ತಿದ್ದಳು ಎಂದು ಸೇರಿಸಿ. ಯಾವ ಮಕ್ಕಳು, ಯಾರ ಕೈ ಎಂದು ಅವರು ಬರೆಯಲಿಲ್ಲ, ನಾನು ಕೇಳಲಿಲ್ಲ.

ಸುಮಾಳಿಗೆ ಡಬ್ಲಿನ್ನಿಗೆ ವರ್ಗವಾಗಿ ನಾವು ಅದರ ಪಕ್ಕದ ಡನ್ ಲಿಯರಿಗೆ ಬಂದು ಕೆಲವು ವರ್ಷಗಳಾದವು. ಮ್ಯಾಟಿ ಇದ್ದಾರೆ, ಕ್ರಿಸ್ಮಸ್ಸಿಗೆ ಕಾರ್ಡು ಬರೆಯುತ್ತಾರೆ. ಪಟ್ಟಿಯಲ್ಲಿ ಬ್ರೈಡಿಯೂ ಇದ್ದಾಳೆ. ಈ ಕತೆಯನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಕನ್ನಡದ ಗೆಳೆಯರು ಊಟಕ್ಕೆ ಸೇರಿದಾಗ, ಮೇಷ್ಟ್ರು ಕೈ ಎತ್ತಿ ನಿಂತದ್ದನ್ನು ಅಭಿನಯಿಸಿ ತೋರಿಸಿ ಎಲ್ಲರನ್ನೂ ನಗಿಸುತ್ತೇನೆ. ಹಿಂಬಾಗಿಲ ಹತ್ತಿರ ಕೂತು ಉಣ್ಣುತ್ತಿದ್ದ ಬ್ರೈಡಿಯ ಮಾತು ಬಂದಾಗ ಎಲ್ಲರೂ ತಲೆಯಾಡಿಸಿ ಅಯ್ಯೋ ಪಾಪ ಎನ್ನುತ್ತಾರೆ. ನಾನೂ ಎನ್ನುತ್ತೇನೆ. ಬೇರೆಯವರ ಅಡುಗೆಮನೆಯ ಅನ್ಯಾಯ ನನಗೆ ಬಹಳ ಚೆನ್ನಾಗಿ ಕಾಣುತ್ತದೆ.

ಮಂಗಳವಾರ ಆ ಕಾರಿಡಾರಿನಲ್ಲಿ ನಿಂತು ಇದೆಲ್ಲ ಮತ್ತೊಮ್ಮೆ ನೆನಪಾಗುತ್ತಿದ್ದಾಗ, ಹಿಂಬಾಗಿಲ ಹತ್ತಿರ ಉಣ್ಣುತ್ತಿರುವ ಬ್ರೈಡಿಗೆ ನನಗೇ ತಿಳಿಯದೆ ಸೀರೆ ಉಡಿಸಿದ್ದೆ. ಕೈಯಲ್ಲಿ ಅಂಚು ಮುಕ್ಕಾದ ಅಲ್ಯೂಮಿನಿಯಂ ತಟ್ಟೆ. ಅದು ಬ್ರೈಡಿ ಅಲ್ಲ, ಪುಟ್ಟಮ್ಮ. ಮೈಸೂರಿನ ನಮ್ಮ ಮನೆಯಲ್ಲಿ ಇದ್ದವರು. ನನ್ನ ತಲೆಗೆ ಎಣ್ಣೆ ತಟ್ಟಿ ನೀರು ಹಾಕಿದವರು, ಸ್ಕೂಲಿಗೆ ಕೈಹಿಡಿದು ಕರೆದುಕೊಂಡು ಹೋದವರು. ನಾನು ಏಳನೆಯ ಕ್ಲಾಸಿನಲ್ಲಿದ್ದಾಗ ಹುಷಾರಿಲ್ಲದೆ ಹೊರಟುಹೋದರು, ಮತ್ತೆ ಬರಲಿಲ್ಲ. ಅವರ ತಟ್ಟೆ ಬೇರೆ ಇತ್ತು, ಬಚ್ಚಲಮನೆಯ ಕಟ್ಟೆಯ ಮೇಲೆ ಬೋರಲು ಹಾಕಿರುತ್ತಿತ್ತು. ಇಷ್ಟು ವರ್ಷದಲ್ಲಿ ಒಮ್ಮೆಯೂ ನನಗೆ ಅದು ಹೊಳೆದಿರಲಿಲ್ಲ.

ಭಾನುವಾರ ಬೆಳಿಗ್ಗೆ ಅಮ್ಮನಿಗೆ ಫೋನ್ ಮಾಡಿದೆ.

“ಅಮ್ಮಾ, ಪುಟ್ಟಮ್ಮ ಯಾವೂರಿನೋರು?”

“ಯಾವ ಪುಟ್ಟಮ್ಮ?”

ಎಣ್ಣೆ, ನೀರು, ಸ್ಕೂಲು ಎಲ್ಲವನ್ನೂ ಹೇಳಿದೆ.

“ಓ, ಅವಳಾ. ಅವಳ ಹೆಸರು ಪುಟ್ಟಮ್ಮ ಅಲ್ಲ ಕಣೋ. ಅವಳೂ ರುಕ್ಮಿಣೀನೇ. ನಿಮ್ಮಜ್ಜಿ ಹೆಸರೂ ಅದೇ ಆಯ್ತಲ್ಲ, ಅತ್ತೆ ಹೆಸರು ಹಿಡಿದು ಕೆಲಸದೋಳನ್ನ ಕೂಗಕ್ಕಾಗುತ್ತಾ? ಬಂದ ದಿನಾನೇ ನಿಮ್ಮಜ್ಜಿ, ನಿನ್ನ ಪುಟ್ಟಮ್ಮ ಅಂತೀವಿ ಅಂದ್ರು. ಅವಳು ಹೂಂ ಅಂದ್ಲು.”

“ಊರು ಯಾವ್ದು?”

“ನೆನಪಿಲ್ವೋ. ಈಗ್ಯಾಕೆ ಅದೆಲ್ಲ?”

ಯಾಕೆಂದು ನಾನು ಹೇಳಲಿಲ್ಲ. ನಾಚಿಕೆಯಾಗಿತ್ತು. ಬ್ರೈಡಿಗೆ ಇದ್ದ ಒಂದೇ ಹೆಸರಿಂದಲಾದರೂ ಮ್ಯಾಟಿಯ ಮನೆಯವರು ಅವಳನ್ನು ಕರೆದರು. ರುಕ್ಮಿಣಿಗೆ ಹೆಸರೂ ಇತ್ತು, ಊರೂ ಇತ್ತು. ಹನ್ನೆರಡು ವರ್ಷ ನಾನು ಅವರನ್ನು ದಿನಕ್ಕೆ ಇಪ್ಪತ್ತು ಸಲ ಕೂಗಿದ್ದೇನೆ, ಒಂದು ಸಲವೂ ಅವರ ಹೆಸರು ಹಿಡಿದು ಕೂಗಿಲ್ಲ.

ನಿನ್ನೆ ಅಮ್ಮ ತಾನಾಗಿಯೇ ಫೋನ್ ಮಾಡಿದಳು. ಹವೆ ಹೇಗಿದೆ ಎಂದು ಕೇಳಲಿಲ್ಲ, ಊಟ ಆಯಿತಾ ಎಂದೂ ಕೇಳಲಿಲ್ಲ.

“ನೀನು ಕೇಳಿದಾಗಿಂದ ಯೋಚನೆ ಮಾಡ್ತಾನೇ ಇದೀನಿ, ರುಕ್ಮಿಣಿ ಊರು ನೆನಪಿಗೇ ಬರ್ತಿಲ್ಲ” ಎಂದಳು. ಮತ್ತೆ ಹೇಳಿದಳು, “ಹಬ್ಬದಲ್ಲಿ ಕೆಲಸ ಜಾಸ್ತಿ ಅಂತ, ಒಂದು ಹಬ್ಬಕ್ಕೂ ನಾವು ಅವಳನ್ನ ಊರಿಗೆ ಕಳಿಸಲಿಲ್ಲ ಕಣೋ.”